ಚೆಲ್ಲಿದ ಕಾಫಿ ವಾರಂಟಿಯ ಹೊರಗೆ: ಲ್ಯಾಪ್‌ಟಾಪ್ ಕೊಳ್ಳುವವರು ಓದದೆ ಬಿಡುವ ಷರತ್ತು

ಬೆಂಗಳೂರು: ಲ್ಯಾಪ್‌ಟಾಪ್‌ನ ಕೀಲಿಮಣೆಯ ಮೇಲೆ ಒಂದು ಲೋಟ ಕಾಫಿ ಚೆಲ್ಲಿದರೆ ಆ ನಷ್ಟ ಯಾರದು? ಕೊಂಡು ಎರಡೇ ತಿಂಗಳಾಗಿದೆ, ಒಂದು ವರ್ಷದ ವಾರಂಟಿ ಕೈಯಲ್ಲಿದೆ, ಆದ್ದರಿಂದ ಕಂಪನಿಯೇ ಸರಿಪಡಿಸಿಕೊಡಬೇಕು ಎಂಬುದು ಗ್ರಾಹಕರ ಸಾಮಾನ್ಯ ನಂಬಿಕೆ. ಸರ್ವಿಸ್ ಸೆಂಟರ್‌ನಲ್ಲಿ ದೊರೆಯುವ ಉತ್ತರ ಬೇರೆಯೇ ಆಗಿರುತ್ತದೆ. ದ್ರವದಿಂದಾದ ಹಾನಿ ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ, ಮದರ್‌ಬೋರ್ಡ್ ಬದಲಿಸಬೇಕು, ಅದರ ವೆಚ್ಚವನ್ನು ಗ್ರಾಹಕರೇ ಭರಿಸಬೇಕು ಎಂಬ ಅಂದಾಜುಪಟ್ಟಿ ಕೈಗೆ ಬರುತ್ತದೆ. ಹಳೆಯದನ್ನು ಸರಿಪಡಿಸುವುದಕ್ಕಿಂತ ಹೊಸದನ್ನು ಕೊಳ್ಳುವುದೇ ವಾಸಿ ಎನಿಸುವಷ್ಟು ಆ ಮೊತ್ತ ದೊಡ್ಡದಾಗಿರುವುದೂ ಉಂಟು.

ಈ ಉತ್ತರದಲ್ಲಿ ಮೋಸವಿದೆ ಎಂದು ಹೇಳಲಾಗದು. ಷರತ್ತಿನ ಪತ್ರದಲ್ಲಿ ಅದು ಮುದ್ರಿತವಾಗಿಯೇ ಇರುತ್ತದೆ. ಆದರೆ ಆ ಷರತ್ತು ಗ್ರಾಹಕರ ಗಮನಕ್ಕೆ ಬರುವುದು ಹಣ ಕೊಟ್ಟ ದಿನವಲ್ಲ, ಕಾಫಿ ಚೆಲ್ಲಿದ ದಿನ. ಲ್ಯಾಪ್‌ಟಾಪ್ ಈಗ ಕಚೇರಿಯ ಮೇಜಿಗೆ ಸೀಮಿತವಾದ ಸಾಧನವಲ್ಲ. ಅದು ಪದವಿ ವಿದ್ಯಾರ್ಥಿಯ ಪುಸ್ತಕ, ಮನೆಯಿಂದ ದುಡಿಯುವವರ ಕಚೇರಿ, ಸಣ್ಣ ಲೆಕ್ಕಪರಿಶೋಧಕರ ಕಡತದ ಕಪಾಟು. ಸಾಲದ ಕಂತಿನಲ್ಲಿ ಕೊಂಡ ಯಂತ್ರ ಕೆಟ್ಟು ಮೂಲೆ ಸೇರಿದರೂ ಕಂತು ನಿಲ್ಲುವುದಿಲ್ಲ. ಆದ್ದರಿಂದ ಒಂದು ಲೋಟ ಕಾಫಿಯ ಪ್ರಶ್ನೆ ಮಧ್ಯಮ ವರ್ಗದ ಕುಟುಂಬದ ಲೆಕ್ಕಾಚಾರದ ಪ್ರಶ್ನೆಯೂ ಹೌದು.

ಹೆಸರು ಒಂದು, ಕಾಗದ ನಾಲ್ಕು

ಗೊಂದಲದ ಮೂಲ ಇರುವುದು ‘ವಾರಂಟಿ’ ಎಂಬ ಪದದಲ್ಲಿ. ಅಂಗಡಿಯ ಮಾತಿನಲ್ಲಿ ಈ ಒಂದೇ ಪದದಡಿ ಕನಿಷ್ಠ ನಾಲ್ಕು ಬಗೆಯ ಒಪ್ಪಂದಗಳು ಮಾರಾಟವಾಗುತ್ತವೆ.

ಮೊದಲನೆಯದು ತಯಾರಕರು ಉಚಿತವಾಗಿ ಕೊಡುವ ಸಾಮಾನ್ಯ ವಾರಂಟಿ. ಇದು ತಯಾರಿಕೆಯ ದೋಷಕ್ಕೆ ಮಾತ್ರ ಕೊಟ್ಟ ಭರವಸೆ. ತಾನಾಗಿಯೇ ಕೆಟ್ಟ ಪರದೆ, ಸರಿಯಾಗಿ ಬೆಸುಗೆಯಾಗದ ಬಿಡಿಭಾಗ ಇದರೊಳಗೆ ಬರುತ್ತವೆ. ಬಳಕೆದಾರರ ಕೈಯಿಂದಾದ ಅನಾಹುತ ಬರುವುದಿಲ್ಲ. ಎರಡನೆಯದು ಹಣ ಕೊಟ್ಟು ಪಡೆಯುವ ವಿಸ್ತರಿತ ವಾರಂಟಿ. ಇದು ಮೊದಲನೆಯದರ ಅವಧಿಯನ್ನು ಎರಡು ಅಥವಾ ಮೂರು ವರ್ಷಕ್ಕೆ ಹಿಗ್ಗಿಸುತ್ತದೆಯೇ ವಿನಾ ಅದರ ವ್ಯಾಪ್ತಿಯನ್ನು ಹಿಗ್ಗಿಸುವುದಿಲ್ಲ. ಮೂರು ವರ್ಷದ ವಿಸ್ತರಿತ ವಾರಂಟಿ ಹೊಂದಿರುವವರಿಗೂ ಚೆಲ್ಲಿದ ನೀರಿಗೆ ಪರಿಹಾರ ದೊರೆಯದಿರುವುದು ಈ ಕಾರಣದಿಂದಲೇ.

ಮೂರನೆಯದು ತಯಾರಕರೇ ಮಾರುವ ಅಪಘಾತ ಹಾನಿ ರಕ್ಷಣೆ. ಕೈಜಾರಿ ಬಿದ್ದು ಒಡೆದ ಪರದೆ, ಚೆಲ್ಲಿದ ದ್ರವ, ವಿದ್ಯುತ್ ಏರಿಳಿತದಿಂದ ಸುಟ್ಟ ಭಾಗ ಮುಂತಾದವು ಇದರಲ್ಲಿ ಸೇರುತ್ತವೆ. ನಾಲ್ಕನೆಯದು ಮಳಿಗೆ ಅಥವಾ ಆನ್‌ಲೈನ್ ಮಾರಾಟ ತಾಣದಲ್ಲಿ ಬಿಲ್ಲಿನ ಜೊತೆಗೇ ಸೇರಿಸಿ ಕೊಡುವ ಮೂರನೇ ಸಂಸ್ಥೆಯ ರಕ್ಷಣಾ ಯೋಜನೆ. ಇದರ ಬೆನ್ನಿಗೆ ವಿಮಾ ಕಂಪನಿಯೊಂದರ ಪಾಲಿಸಿ ಇರುವುದುಂಟು, ಕೇವಲ ಸೇವಾ ಒಪ್ಪಂದವಿರುವುದೂ ಉಂಟು. ಈ ಎರಡರ ನಡುವಿನ ವ್ಯತ್ಯಾಸ ಚಿಕ್ಕದಲ್ಲ. ವಿಮೆಯಾದರೆ ನಿಯಂತ್ರಣ ಪ್ರಾಧಿಕಾರ, ವಿಮಾ ಲೋಕಪಾಲ ಎಂಬ ಬಾಗಿಲುಗಳು ತೆರೆದಿರುತ್ತವೆ. ಸೇವಾ ಒಪ್ಪಂದವಾದರೆ ಗ್ರಾಹಕ ಆಯೋಗದ ಮೆಟ್ಟಿಲನ್ನೇ ಹತ್ತಬೇಕು.

ಬಿಲ್ಲಿನ ಕೌಂಟರಿನ ಮುಂದೆ ನಿಂತ ಗ್ರಾಹಕರಿಗೆ ಈ ನಾಲ್ಕರ ನಡುವಿನ ಗೆರೆ ಕಾಣುವುದಿಲ್ಲ. ‘ಮೂರು ವರ್ಷ ಎಲ್ಲವೂ ಕವರ್ ಆಗುತ್ತದೆ’ ಎಂಬ ಮಾರಾಟಗಾರರ ಬಾಯಿಮಾತು ಕಾಗದದ ಮೇಲೆ ಎಲ್ಲಿಯೂ ಇರುವುದಿಲ್ಲ.

ದ್ರವ ಮಾಡುವ ಕೆಲಸ

ನೀರು ತಾಗಿದೊಡನೆ ಯಂತ್ರ ಸಾಯುತ್ತದೆ ಎಂಬ ತಿಳಿವಳಿಕೆ ಪೂರ್ತಿ ಸರಿಯಲ್ಲ. ಶುದ್ಧ ನೀರು ವಿದ್ಯುತ್ತಿನ ಒಳ್ಳೆಯ ವಾಹಕವಲ್ಲ. ಹಾನಿ ಮಾಡುವುದು ಅದರಲ್ಲಿ ಕರಗಿರುವ ಲವಣ, ಸಕ್ಕರೆ ಮತ್ತು ಆಮ್ಲ. ಕೊಳವೆಬಾವಿಯ ಗಡಸು ನೀರು, ಸಕ್ಕರೆ ಮತ್ತು ಹಾಲು ಬೆರೆತ ಕಾಫಿ, ಪೊಟ್ಯಾಶಿಯಂ ಹೇರಳವಾಗಿರುವ ಎಳನೀರು, ತಂಪು ಪಾನೀಯ ಇವೆಲ್ಲ ಈ ದೃಷ್ಟಿಯಿಂದ ಶುದ್ಧ ನೀರಿಗಿಂತ ಅಪಾಯಕಾರಿ.

ಮದರ್‌ಬೋರ್ಡಿನ ಮೇಲಿನ ಬಿಂದುಗಳು ಒಂದಕ್ಕೊಂದು ಮಿಲಿಮೀಟರಿನ ಭಾಗದಷ್ಟು ಹತ್ತಿರದಲ್ಲಿರುತ್ತವೆ. ಅವುಗಳ ನಡುವೆ ಲವಣಯುಕ್ತ ದ್ರವ ನಿಂತರೆ ವಿದ್ಯುತ್ತು ಹರಿಯಬಾರದ ದಾರಿಯಲ್ಲಿ ಹರಿಯುತ್ತದೆ. ಇದು ತಕ್ಷಣದ ಹಾನಿ. ಎರಡನೆಯ ಹಾನಿ ನಿಧಾನವಾದುದು. ಬ್ಯಾಟರಿಯಿಂದ ವಿದ್ಯುತ್ತು ಬರುತ್ತಿರುವಾಗ ತೇವದಲ್ಲಿ ಲೋಹದ ಅಯಾನುಗಳು ಒಂದು ಬಿಂದುವಿನಿಂದ ಇನ್ನೊಂದಕ್ಕೆ ಸಾಗಿ, ಕೂದಲೆಳೆಯಂತಹ ಸೇತುವೆ ಕಟ್ಟುತ್ತವೆ. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ನಿಂತರೆ ಕಿಲುಬು ಹತ್ತುವಂತೆ ತಾಮ್ರದ ಗೆರೆಗಳ ಮೇಲೂ ಹಸಿರು ಮತ್ತು ಬಿಳಿ ಬಣ್ಣದ ಕಿಲುಬು ಬೆಳೆಯುತ್ತದೆ. ಲ್ಯಾಪ್‌ಟಾಪ್ ಒಣಗಿ ಮತ್ತೆ ಕೆಲಸ ಮಾಡತೊಡಗಿದರೂ ಎರಡು ಮೂರು ವಾರಗಳ ಬಳಿಕ ಏಕಾಏಕಿ ಸ್ತಬ್ಧವಾಗುವುದಕ್ಕೆ ಇದೇ ಕಾರಣ. ಒಣಗುವುದು ನೀರು ಮಾತ್ರ. ಸಕ್ಕರೆ ಮತ್ತು ಲವಣ ಅಲ್ಲೇ ಉಳಿಯುತ್ತವೆ.

ವಿನ್ಯಾಸದಲ್ಲಿಯೂ ಬದಲಾವಣೆಯಾಗಿದೆ. ಹಿಂದಿನ ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿಯನ್ನು ಬೆರಳಿನಿಂದಲೇ ಕಳಚಬಹುದಾಗಿತ್ತು. ಇಂದಿನ ತೆಳುವಾದ ಮಾದರಿಗಳಲ್ಲಿ ಬ್ಯಾಟರಿ ಒಳಗೇ ಅಡಗಿರುತ್ತದೆ. ಯಂತ್ರ ಆರಿಸಿದ ಮೇಲೂ ಬೋರ್ಡಿನ ಕೆಲವು ಭಾಗಗಳಿಗೆ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಅನೇಕ ಮಾದರಿಗಳಲ್ಲಿ ಮೆಮೊರಿ, ಕೆಲವೊಮ್ಮೆ ದತ್ತಾಂಶ ಸಂಗ್ರಹದ ಚಿಪ್ ಕೂಡ ಮದರ್‌ಬೋರ್ಡಿಗೇ ಬೆಸೆದುಕೊಂಡಿರುತ್ತದೆ. ಆದ್ದರಿಂದ ಒಂದು ಮೂಲೆಯಲ್ಲಿ ಬಿದ್ದ ಹನಿ ಇಡೀ ಬೋರ್ಡಿನ ಬೆಲೆಯನ್ನು ಕೇಳುತ್ತದೆ. ಕೀಲಿಮಣೆಯನ್ನು ಮೇಲುಹೊದಿಕೆಗೆ ಖಾಯಂ ಆಗಿ ಜೋಡಿಸಿದ ಮಾದರಿಗಳಲ್ಲಿ ನಾಲ್ಕು ಕೀಲಿ ಕೆಟ್ಟರೂ ಇಡೀ ಹೊದಿಕೆಯನ್ನೇ ಬದಲಿಸಬೇಕಾಗುತ್ತದೆ.

ಇದಕ್ಕೆ ಅಪವಾದವೂ ಇದೆ. ಥಿಂಕ್‌ಪ್ಯಾಡ್ ಶ್ರೇಣಿಯ ಅನೇಕ ಮಾದರಿಗಳಲ್ಲಿ ಕೀಲಿಮಣೆಯ ಮೇಲೆ ಬಿದ್ದ ನೀರು ಬೋರ್ಡಿಗೆ ತಾಗದೆ ತಳದ ರಂಧ್ರಗಳ ಮೂಲಕ ಹೊರಹೋಗುವ ಕಾಲುವೆಗಳಿವೆ. ಹಾನಿ ತಡೆಯುವ ವಿನ್ಯಾಸ ಸಾಧ್ಯ ಎಂಬುದಕ್ಕೆ ಇದು ನಿದರ್ಶನ. ಆದರೆ ತೆಳುತನ ಮತ್ತು ಹಗುರತನವೇ ಮಾರಾಟದ ಮಂತ್ರವಾಗಿರುವಾಗ ಇಂತಹ ಕಾಲುವೆಗಳಿಗೆ ಜಾಗ ಉಳಿಯುವುದು ಕಡಿಮೆ.

ಬಣ್ಣ ಬದಲಿಸುವ ಪಟ್ಟಿಯ ಸಾಕ್ಷ್ಯ

ದ್ರವ ತಾಗಿದೆ ಎಂಬುದನ್ನು ಕಂಪನಿ ಹೇಗೆ ನಿರ್ಧರಿಸುತ್ತದೆ? ಲ್ಯಾಪ್‌ಟಾಪ್ ಮತ್ತು ಮೊಬೈಲ್‌ಗಳ ಒಳಗೆ ಅಲ್ಲಲ್ಲಿ ಬಿಳಿಯ ಸಣ್ಣ ಅಂಟುಪಟ್ಟಿಗಳನ್ನು ಹಚ್ಚಿರುತ್ತಾರೆ. ನೀರು ತಾಗಿದರೆ ಇವು ಕೆಂಪು ಅಥವಾ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ. ಪಟ್ಟಿ ಕೆಂಪಾಗಿದ್ದರೆ ವಾರಂಟಿಯ ಮಾತು ಅಲ್ಲಿಗೇ ಮುಗಿಯುತ್ತದೆ.

ಈ ಪಟ್ಟಿಯೊಂದೇ ನಿರ್ಣಾಯಕ ಸಾಕ್ಷ್ಯವಾಗಬಹುದೇ ಎಂಬ ಪ್ರಶ್ನೆ ಅಮೆರಿಕದಲ್ಲಿ ನ್ಯಾಯಾಲಯದವರೆಗೆ ಹೋಗಿತ್ತು. ಐಫೋನ್ ಮತ್ತು ಐಪಾಡ್ ಟಚ್ ಸಾಧನಗಳಲ್ಲಿ ಪಟ್ಟಿಯ ಬಣ್ಣ ಬದಲಾಗಿದೆ ಎಂಬ ಕಾರಣಕ್ಕೆ ವಾರಂಟಿ ನಿರಾಕರಿಸಲಾಗಿದೆ, ಆದರೆ ವಾತಾವರಣದ ತೇವದಿಂದಲೂ ಆ ಬಣ್ಣ ಬದಲಾಗಬಲ್ಲದು ಎಂದು ಗ್ರಾಹಕರು ಸಾಮೂಹಿಕವಾಗಿ ದಾವೆ ಹೂಡಿದ್ದರು. 2013ರಲ್ಲಿ ಆಪಲ್ ಸಂಸ್ಥೆ 5.3 ಕೋಟಿ ಡಾಲರ್ ಮೊತ್ತದ ರಾಜಿಗೆ ಒಪ್ಪಿತು. ತಪ್ಪನ್ನು ಒಪ್ಪಿಕೊಳ್ಳದೆ ಮಾಡಿಕೊಂಡ ರಾಜಿ ಅದಾಗಿತ್ತಾದರೂ ಅಂಟುಪಟ್ಟಿಯ ತೀರ್ಪೇ ಅಂತಿಮ ಎಂಬ ವಾದ ಅಲ್ಲಿಂದ ದುರ್ಬಲವಾಯಿತು.

2020ರ ನವೆಂಬರ್‌ನಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಇದೇ ಸಂಸ್ಥೆಗೆ 1 ಕೋಟಿ ಯೂರೊ ದಂಡ ವಿಧಿಸಿತು. ಐಫೋನ್ ನೀರಿಗೆ ಜಗ್ಗದು ಎಂದು ಜಾಹೀರಾತಿನಲ್ಲಿ ಹೇಳಿ, ದ್ರವದಿಂದಾದ ಹಾನಿಗೆ ವಾರಂಟಿ ಇಲ್ಲವೆಂದು ಷರತ್ತಿನಲ್ಲಿ ಹೇಳುವುದು ಗ್ರಾಹಕರ ದಾರಿ ತಪ್ಪಿಸಿದಂತೆ ಎಂಬುದು ಪ್ರಾಧಿಕಾರದ ನಿಲುವಾಗಿತ್ತು. ಎರಡೂ ಪ್ರಕರಣಗಳು ಮೊಬೈಲ್‌ಗೆ ಸಂಬಂಧಿಸಿದವು. ಆದರೆ ಪಟ್ಟಿಯ ತತ್ವ ಲ್ಯಾಪ್‌ಟಾಪ್‌ಗೂ ಒಂದೇ.

ಮಂಗಳೂರು, ಉಡುಪಿ, ಕಾರವಾರದಂತಹ ಕರಾವಳಿ ಊರುಗಳಿಗೆ ಈ ಚರ್ಚೆ ದೂರದ್ದಲ್ಲ. ಮಳೆಗಾಲದಲ್ಲಿ ಗೋಡೆ ಬೆವರುವ, ಕಪಾಟಿನಲ್ಲಿಟ್ಟ ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುವ ಪ್ರದೇಶಗಳಿವು. ಹವಾನಿಯಂತ್ರಿತ ಕೊಠಡಿಯಿಂದ ಹೊರಗಿನ ಸೆಕೆಗೆ ತಂದ ತಣ್ಣನೆಯ ಯಂತ್ರದ ಒಳಗೆ ನೀರಿನ ಹನಿ ಕಟ್ಟುವುದು ಭೌತಶಾಸ್ತ್ರದ ಸಾಮಾನ್ಯ ನಿಯಮ. ಚೆಲ್ಲಿದ ಕಾಫಿ ಬಿಟ್ಟ ಕಂದು ಕಲೆ ಮತ್ತು ವಾತಾವರಣದ ತೇವದ ನಡುವಣ ವ್ಯತ್ಯಾಸ ನುರಿತ ತಂತ್ರಜ್ಞರ ಕಣ್ಣಿಗೆ ಕಾಣುತ್ತದೆ, ಅಂಟುಪಟ್ಟಿಗೆ ಕಾಣುವುದಿಲ್ಲ. ಆದ್ದರಿಂದ ವಾರಂಟಿ ನಿರಾಕರಣೆಯಾದಾಗ ಗ್ರಾಹಕರು ಕೇಳಬೇಕಾದ ಮೊದಲ ದಾಖಲೆ ಬೋರ್ಡಿನ ಛಾಯಾಚಿತ್ರ ಮತ್ತು ಲಿಖಿತ ಪರೀಕ್ಷಾ ವರದಿ.

ರಕ್ಷಣೆ ಎಷ್ಟು, ಖರ್ಚು ಎಷ್ಟು

ಹಾಗಾದರೆ ಅಪಘಾತ ಹಾನಿ ರಕ್ಷಣೆಯನ್ನು ಕೊಂಡುಬಿಟ್ಟರೆ ಸಾಕೇ? ಅದರೊಳಗೂ ಮಿತಿಗಳಿವೆ. ಡೆಲ್ ಸಂಸ್ಥೆಯ ಅಪಘಾತ ಹಾನಿ ಸೇವೆಯಲ್ಲಿ ಒಪ್ಪಂದದ ಪ್ರತಿ 12 ತಿಂಗಳಿಗೆ ಒಂದು ಘಟನೆಗೆ ಮಾತ್ರ ಅವಕಾಶ. ಆಪಲ್ ಸಂಸ್ಥೆಯ ಆಪಲ್‌ಕೇರ್ ಪ್ಲಸ್ ಯೋಜನೆಯಲ್ಲಿ ಯೋಜನೆಯ ಬೆಲೆಯಲ್ಲದೆ ಪ್ರತಿ ಘಟನೆಗೂ ಪ್ರತ್ಯೇಕ ಸೇವಾ ಶುಲ್ಕ ತೆರಬೇಕು. ಪರದೆ ಅಥವಾ ಹೊರಕವಚದ ಹಾನಿಗೆ ಕಡಿಮೆ ಶುಲ್ಕ, ಉಳಿದ ಹಾನಿಗೆ ಹೆಚ್ಚಿನ ಶುಲ್ಕ. ಒಳಗಿನ ಬೋರ್ಡಿಗೆ ತಲುಪಿದ ದ್ರವ ಈ ಎರಡನೆಯ ವರ್ಗಕ್ಕೆ ಸೇರುತ್ತದೆ. ಇಂತಹ ಯೋಜನೆಗಳನ್ನು ಲ್ಯಾಪ್‌ಟಾಪ್ ಕೊಂಡ ನಿಗದಿತ ದಿನಗಳೊಳಗೆ ಪಡೆಯಬೇಕೆಂಬ ಗಡುವೂ ಸಾಮಾನ್ಯ. ಚೆಲ್ಲಿದ ಮೇಲೆ ಕೊಳ್ಳುವ ರಕ್ಷಣೆ ಎಂಬುದು ಇಲ್ಲ.

ಮೂರನೇ ಸಂಸ್ಥೆಯ ಯೋಜನೆಗಳಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಸವಕಳಿಯ ಷರತ್ತು. ಕೊಂಡ ತಿಂಗಳುಗಳು ಕಳೆದಂತೆ ಪರಿಹಾರದ ಗರಿಷ್ಠ ಮೊತ್ತವೂ ಇಳಿಯುತ್ತ ಹೋಗುತ್ತದೆ. ದುರಸ್ತಿಯ ವೆಚ್ಚ ಆ ಮೊತ್ತವನ್ನು ಮೀರಿದರೆ ಉಳಿದ ಹಣ ಗ್ರಾಹಕರ ಜೇಬಿನಿಂದಲೇ ಹೋಗಬೇಕು.

ಒಂದು ಲೆಕ್ಕವನ್ನು ಊಹಿಸಿಕೊಳ್ಳಬಹುದು. ಲ್ಯಾಪ್‌ಟಾಪ್ ಬೆಲೆ 70 ಸಾವಿರ ರೂಪಾಯಿ, ರಕ್ಷಣಾ ಯೋಜನೆಯ ಬೆಲೆ 5 ಸಾವಿರ, ಮದರ್‌ಬೋರ್ಡ್ ಬದಲಿಸುವ ವೆಚ್ಚ 35 ಸಾವಿರ ಎಂದಿಟ್ಟುಕೊಂಡರೆ, ಯೋಜನೆಯ ಅವಧಿಯಲ್ಲಿ ಏಳು ಜನರಲ್ಲಿ ಒಬ್ಬರಿಗಾದರೂ ಇಂತಹ ಅವಘಡ ಸಂಭವಿಸಿದಾಗ ಮಾತ್ರ ಒಟ್ಟು ಗ್ರಾಹಕರಿಗೆ ಲಾಭ-ನಷ್ಟ ಸಮವಾಗುತ್ತದೆ. ಘಟನೆಗೆ 5 ಸಾವಿರ ಸೇವಾ ಶುಲ್ಕವಿದ್ದರೆ ಅದು ಆರರಲ್ಲಿ ಒಂದಕ್ಕೆ ಏರುತ್ತದೆ. ಸವಕಳಿಯ ಕಾರಣ ಅರ್ಧ ವೆಚ್ಚ ಮಾತ್ರ ಸಿಗುವುದಾದರೆ ಏಳರಲ್ಲಿ ಎರಡು ಯಂತ್ರಗಳಿಗೆ ಹಾನಿಯಾಗಬೇಕು. ಅಂದರೆ ಷರತ್ತಿನ ಒಂದೊಂದು ಸಾಲೂ ಯೋಜನೆಯ ನಿಜವಾದ ಬೆಲೆಯನ್ನು ಬದಲಿಸುತ್ತದೆ. ಮುದ್ರಿತ ಬೆಲೆಯನ್ನಷ್ಟೇ ಹೋಲಿಸಿ ನೋಡುವುದು ನಿಷ್ಪ್ರಯೋಜಕ.

ಆದರೆ ಸರಾಸರಿ ಲೆಕ್ಕವೇ ಎಲ್ಲವೂ ಅಲ್ಲ. 35 ಸಾವಿರ ರೂಪಾಯಿಯ ಅನಿರೀಕ್ಷಿತ ಖರ್ಚನ್ನು ತಾಳಿಕೊಳ್ಳಬಲ್ಲ ಕುಟುಂಬಕ್ಕೆ ಯೋಜನೆ ಬೇಡವಾಗಬಹುದು. ಅದೇ ಖರ್ಚಿನಿಂದ ವ್ಯಾಸಂಗವೋ ದುಡಿಮೆಯೋ ನಿಂತುಹೋಗುವ ಕುಟುಂಬಕ್ಕೆ ಅದು ಅಗತ್ಯವಾಗಬಹುದು. ವಿಪರ್ಯಾಸವೆಂದರೆ ಈ ಎರಡನೆಯ ವರ್ಗದವರೇ ಖರೀದಿಯ ದಿನ ಸಾವಿರ ರೂಪಾಯಿ ಉಳಿಸಲು ರಕ್ಷಣೆಯನ್ನು ಬಿಡುವ ಒತ್ತಡದಲ್ಲಿರುತ್ತಾರೆ.

ಯಾವ ಯೋಜನೆಯೂ ಕೊಡದ ಒಂದು ವಸ್ತುವಿದೆ. ಅದು ಯಂತ್ರದೊಳಗಿನ ದತ್ತಾಂಶ. ಬೋರ್ಡು ಹೊಸದು ಬರುತ್ತದೆ, ಪ್ರಬಂಧದ ಕರಡು ಬರುವುದಿಲ್ಲ. ಪ್ರತ್ಯೇಕ ಹಾರ್ಡ್ ಡಿಸ್ಕ್‌ನಲ್ಲೋ ಅಂತರ್ಜಾಲದ ಸಂಗ್ರಹದಲ್ಲೋ ಪ್ರತಿಯೊಂದನ್ನು ಇಟ್ಟುಕೊಳ್ಳುವುದು ಎಲ್ಲ ವಾರಂಟಿಗಳಿಗಿಂತ ಅಗ್ಗದ ರಕ್ಷಣೆ.

ಕಾನೂನು ಯಾರ ಕಡೆ?

ಷರತ್ತಿಗೆ ಸಹಿ ಹಾಕಿದ ಮೇಲೆ ಗ್ರಾಹಕರಿಗೆ ದಾರಿಯೇ ಇಲ್ಲವೇ? ಇದೆ. 2020ರ ಜುಲೈ 20ರಂದು ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ-2019 ‘ಅನ್ಯಾಯದ ಒಪ್ಪಂದ’ ಎಂಬ ಕಲ್ಪನೆಯನ್ನು ಮೊದಲ ಬಾರಿಗೆ ಗ್ರಾಹಕ ಕಾನೂನಿಗೆ ತಂದಿತು. ಗ್ರಾಹಕರ ಮೇಲೆ ಅಸಮಂಜಸವಾದ ಶುಲ್ಕ, ಹೊಣೆ ಅಥವಾ ಷರತ್ತನ್ನು ಹೇರುವ ಒಪ್ಪಂದಗಳನ್ನು ಪ್ರಶ್ನಿಸಲು ಈಗ ಅವಕಾಶವಿದೆ. ಆದರೆ ಒಪ್ಪಂದವೇ ಅನ್ಯಾಯದ್ದು ಎಂಬ ದೂರನ್ನು ವಿಚಾರಿಸುವ ಅಧಿಕಾರ ಜಿಲ್ಲಾ ಆಯೋಗಕ್ಕಿಲ್ಲ, ರಾಜ್ಯ ಮತ್ತು ರಾಷ್ಟ್ರೀಯ ಆಯೋಗಗಳಿಗೆ ಮಾತ್ರ ಇದೆ. ಸೇವಾ ನ್ಯೂನತೆ ಅಥವಾ ಅನುಚಿತ ವ್ಯಾಪಾರ ಪದ್ಧತಿಯ ದೂರಾದರೆ ಜಿಲ್ಲಾ ಆಯೋಗವೇ ಸಾಕು.

ವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟ್‌ನ ಎರಡು ತೀರ್ಪುಗಳು ಮಹತ್ವದವು. ಟೆಕ್ಸ್‌ಕೊ ಮಾರ್ಕೆಟಿಂಗ್ ಪ್ರಕರಣದಲ್ಲಿ 2022ರ ನವೆಂಬರ್‌ನಲ್ಲಿ ನೀಡಿದ ತೀರ್ಪಿನಲ್ಲಿ, ಪರಿಹಾರವನ್ನು ಹೊರಗಿಡುವ ಷರತ್ತನ್ನು ಗ್ರಾಹಕರಿಗೆ ಮೊದಲೇ ತಿಳಿಸುವುದು ವಿಮಾ ಕಂಪನಿಯ ಕರ್ತವ್ಯ, ತಿಳಿಸದ ಷರತ್ತಿನ ಆಸರೆ ಪಡೆಯಲಾಗದು ಎಂದು ನ್ಯಾಯಾಲಯ ಹೇಳಿತು. ವೇದಿಕ್ ರೆಸಾರ್ಟ್ಸ್ ಪ್ರಕರಣದ 2023ರ ತೀರ್ಪು, ಹೊರಗಿಡುವ ಷರತ್ತು ಅನ್ವಯವಾಗುತ್ತದೆ ಎಂಬುದನ್ನು ರುಜುವಾತುಪಡಿಸುವ ಹೊಣೆ ವಿಮಾ ಕಂಪನಿಯದೇ ಎಂದು ಸ್ಪಷ್ಟಪಡಿಸಿತು. ಈ ಪ್ರಕರಣಗಳು ಲ್ಯಾಪ್‌ಟಾಪ್‌ಗೆ ಸಂಬಂಧಿಸಿದವಲ್ಲ. ಆದರೂ ವಿಮೆಯ ಬೆಂಬಲವಿರುವ ರಕ್ಷಣಾ ಯೋಜನೆಯಲ್ಲಿ ಕ್ಲೇಮು ತಿರಸ್ಕೃತವಾದಾಗ ಈ ತತ್ವಗಳು ಗ್ರಾಹಕರ ಕೈಯಲ್ಲಿರುವ ಬಲವಾದ ವಾದ.

ತಯಾರಕರ ಸಾಮಾನ್ಯ ವಾರಂಟಿಯ ಸ್ಥಿತಿ ಇಷ್ಟು ಸ್ಪಷ್ಟವಲ್ಲ. ದ್ರವಹಾನಿಯನ್ನು ಹೊರಗಿಡುವುದು ತನ್ನಷ್ಟಕ್ಕೆ ಅಕ್ರಮವಲ್ಲ. ದೋಷಕ್ಕೆ ಕೊಟ್ಟ ಭರವಸೆಯನ್ನು ಅಪಘಾತಕ್ಕೆ ಹಿಗ್ಗಿಸಿ ಎಂದು ಕೇಳುವುದೂ ನ್ಯಾಯವಲ್ಲ. ವಿವಾದ ಹುಟ್ಟುವುದು ದ್ರವ ತಾಗಿಯೇ ಇಲ್ಲ ಎಂದು ಗ್ರಾಹಕರು ಹೇಳುವಾಗ, ಅಥವಾ ಕೆಟ್ಟ ಭಾಗಕ್ಕೂ ದ್ರವ ತಾಗಿದ ಜಾಗಕ್ಕೂ ಸಂಬಂಧವಿಲ್ಲದಿರುವಾಗ. ಕೀಲಿಮಣೆಯ ಮೂಲೆಯ ಪಟ್ಟಿ ಕೆಂಪಾಗಿದೆ ಎಂಬ ಕಾರಣಕ್ಕೆ ಪರದೆಯ ದೋಷವನ್ನು ತಿರಸ್ಕರಿಸಿದರೆ ಅದನ್ನು ಪ್ರಶ್ನಿಸಬಹುದು. ಅಗತ್ಯ ಕಂಡರೆ ವಸ್ತುವನ್ನು ಸೂಕ್ತ ಪ್ರಯೋಗಾಲಯಕ್ಕೆ ಕಳುಹಿಸಿ ವರದಿ ತರಿಸಿಕೊಳ್ಳುವ ಅಧಿಕಾರ ಆಯೋಗಕ್ಕಿದೆ.

ದೂರು ಸಲ್ಲಿಸುವುದು ಹಿಂದಿನಷ್ಟು ಕಷ್ಟವಲ್ಲ. ಗ್ರಾಹಕರು ವಾಸಿಸುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಂಪನಿಯ ಪ್ರಧಾನ ಕಚೇರಿ ಇರುವ ಊರಿಗೆ ಅಲೆಯಬೇಕಿಲ್ಲ. ತೆತ್ತ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ವಕೀಲರ ನೇಮಕ ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. 2025ರ ಜನವರಿ 1ರಂದು ಆರಂಭವಾದ ಇ-ಜಾಗೃತಿ ತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಅಹವಾಲು ಹೇಳಿಕೊಳ್ಳಲು ಅವಕಾಶವಿದೆ. ಯೋಜನೆಯ ಬೆನ್ನಿಗೆ ವೈಯಕ್ತಿಕ ವಿಮಾ ಪಾಲಿಸಿ ಇದ್ದರೆ ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟು, ತೃಪ್ತಿಕರ ಉತ್ತರ ಬಾರದಿದ್ದಲ್ಲಿ ಬೆಂಗಳೂರಿನಲ್ಲಿರುವ ವಿಮಾ ಲೋಕಪಾಲರ ಕಚೇರಿಯನ್ನು ಶುಲ್ಕವಿಲ್ಲದೆ ಸಂಪರ್ಕಿಸಬಹುದು.

ಕಾಯ್ದೆಯ ಪ್ರಕಾರ ಇಂತಹ ದೂರುಗಳನ್ನು ಮೂರು ತಿಂಗಳಲ್ಲಿ, ಪ್ರಯೋಗಾಲಯದ ಪರೀಕ್ಷೆ ಬೇಕಾದರೆ ಐದು ತಿಂಗಳಲ್ಲಿ ಇತ್ಯರ್ಥಪಡಿಸಲು ಪ್ರಯತ್ನಿಸಬೇಕು. ಅಷ್ಟು ಕಾಲವೂ ಲ್ಯಾಪ್‌ಟಾಪ್ ಇಲ್ಲದೆ ಕಾಯುವ ಶಕ್ತಿ ವಿದ್ಯಾರ್ಥಿಗೋ ದಿನಗೂಲಿಯಂತೆ ದುಡಿಯುವ ವಿನ್ಯಾಸಕಾರರಿಗೋ ಇರುವುದಿಲ್ಲ. ಕಾಗದದ ಮೇಲಿನ ಹಕ್ಕು ವ್ಯವಹಾರದಲ್ಲಿ ಸೋಲುವುದು ಇಲ್ಲಿ.

ಎಸ್.ಪಿ. ರಸ್ತೆಯ ದಾರಿ

ಕಾಯಲಾಗದವರು ಹಿಡಿಯುವ ದಾರಿ ಬೆಂಗಳೂರಿನ ಎಸ್.ಪಿ. ರಸ್ತೆಯದು. ಇಡೀ ಬೋರ್ಡ್ ಬದಲಿಸದೆ, ಕೆಟ್ಟ ಚಿಪ್ ಒಂದನ್ನೇ ಗುರುತಿಸಿ ಬದಲಿಸುವ ಕುಶಲಿಗಳು ರಾಜ್ಯದ ಎಲ್ಲ ದೊಡ್ಡ ನಗರಗಳಲ್ಲಿಯೂ ಇದ್ದಾರೆ. ಅಧಿಕೃತ ಸರ್ವಿಸ್ ಸೆಂಟರ್ ಬೋರ್ಡನ್ನೇ ಬದಲಿಸುವಲ್ಲಿ ಇವರು ಕಿಲುಬನ್ನು ತೊಳೆದು, ಬೆಸುಗೆ ಹಾಕಿ, ಯಂತ್ರಕ್ಕೆ ಮರುಜೀವ ಕೊಡುವುದುಂಟು. ಆದರೆ ಅಧಿಕೃತ ನಕ್ಷೆ, ಅಸಲಿ ಬಿಡಿಭಾಗ ಇವರಿಗೆ ಸುಲಭವಾಗಿ ದೊರೆಯುವುದಿಲ್ಲ. ಒಮ್ಮೆ ಇವರ ಕೈಗೆ ಕೊಟ್ಟ ಯಂತ್ರದ ಉಳಿದ ವಾರಂಟಿಯನ್ನು ಕಂಪನಿ ನಿರಾಕರಿಸುವ ಅಪಾಯವೂ ಇದೆ. ಬೇರೆಡೆ ಬಿಚ್ಚಿಸಿದರೆ ವಾರಂಟಿ ರದ್ದು ಎಂಬ ಅಂಟುಪಟ್ಟಿಗಳ ಬಗ್ಗೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿಯೇ ಆರು ಕಂಪನಿಗಳಿಗೆ ಎಚ್ಚರಿಕೆ ಪತ್ರ ಬರೆದಿತ್ತು.

ಭಾರತದಲ್ಲಿ ದುರಸ್ತಿ ಹಕ್ಕಿಗೆ ಪ್ರತ್ಯೇಕ ಕಾಯ್ದೆ ಇಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ರಚಿಸಿ, ಅದೇ ವರ್ಷ ಡಿಸೆಂಬರ್ 24ರ ರಾಷ್ಟ್ರೀಯ ಗ್ರಾಹಕ ದಿನದಂದು ದುರಸ್ತಿ ಹಕ್ಕು ತಾಣವನ್ನು ಆರಂಭಿಸಿತು. ವಸ್ತುವೊಂದನ್ನು ದುರಸ್ತಿ ಮಾಡುವುದು ಎಷ್ಟು ಸುಲಭ ಎಂಬುದಕ್ಕೆ ಅಂಕ ನೀಡುವ ಸೂಚ್ಯಂಕದ ಕುರಿತ ವರದಿಯನ್ನು ಮತ್ತೊಂದು ಸಮಿತಿ 2025ರ ಮೇ ತಿಂಗಳಲ್ಲಿ ಸಲ್ಲಿಸಿದೆ. ಅದರಲ್ಲಿ ಮೊದಲ ಆದ್ಯತೆ ದೊರೆತಿರುವುದು ಸ್ಮಾರ್ಟ್‌ಫೋನ್ ಮತ್ತು ಟ್ಯಾಬ್ಲೆಟ್‌ಗಳಿಗೆ. ಲ್ಯಾಪ್‌ಟಾಪ್ ಇನ್ನೂ ಸರದಿಯಲ್ಲಿದೆ.

ಚೆಲ್ಲಿದ ಮೊದಲ ಹತ್ತು ನಿಮಿಷ

ಚೆಲ್ಲಿದ ತಕ್ಷಣ ಚಾರ್ಜರ್ ತೆಗೆದು, ಪವರ್ ಗುಂಡಿಯನ್ನು ಒತ್ತಿ ಹಿಡಿದು ಯಂತ್ರವನ್ನು ಆರಿಸಬೇಕು. ತೆರೆದಿಟ್ಟ ಕೆಲಸವನ್ನು ಉಳಿಸಿಕೊಳ್ಳುವ ಆಸೆಯಲ್ಲಿ ಕಳೆಯುವ ಒಂದೊಂದು ನಿಮಿಷವೂ ದುಬಾರಿ. ಮೌಸ್, ಪೆನ್ ಡ್ರೈವ್ ಕಳಚಿ, ಲ್ಯಾಪ್‌ಟಾಪನ್ನು ತೆರೆದು ಗುಡಾರದಂತೆ ಕವುಚಿಟ್ಟು ದ್ರವ ಹೊರಗಿಳಿಯಲು ಬಿಡಬೇಕು. ಹೇರ್ ಡ್ರೈಯರ್‌ನ ಬಿಸಿಗಾಳಿ ಒಳಗಿನ ಭಾಗಗಳಿಗೆ ಅಪಾಯಕಾರಿ. ಅಕ್ಕಿಯ ಡಬ್ಬದಲ್ಲಿ ಹುಗಿಯುವ ಪದ್ಧತಿಯಿಂದ ಪ್ರಯೋಜನವಿಲ್ಲ. ಅಕ್ಕಿಯ ಹುಡಿ ಒಳಸೇರಿ ಹಾನಿ ಮಾಡಬಲ್ಲದೆಂದು ಆಪಲ್ ಸಂಸ್ಥೆ ಐಫೋನ್ ಬಳಕೆದಾರರಿಗೆ ಎಚ್ಚರಿಸಿದೆ. ‘ಆನ್ ಆಗುತ್ತದೆಯೇ ನೋಡೋಣ’ ಎಂಬ ಪರೀಕ್ಷೆಯೇ ಎಷ್ಟೋ ಬೋರ್ಡುಗಳನ್ನು ಸುಡುತ್ತದೆ.

ಇಲ್ಲಿಂದ ಮುಂದೆ ತಂತ್ರಜ್ಞಾನ ಹೇಳುವ ದಾರಿ ಒಂದು, ಷರತ್ತು ಹೇಳುವ ದಾರಿ ಇನ್ನೊಂದು. ಆದಷ್ಟು ಬೇಗ ಬಿಚ್ಚಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆಯುವುದು ಬೋರ್ಡಿಗೆ ಹಿತ. ಆದರೆ ರಕ್ಷಣಾ ಯೋಜನೆ ಇರುವವರು ಹೊರಗಿನವರಿಂದ ಬಿಚ್ಚಿಸಿದರೆ ಕ್ಲೇಮು ಕೈತಪ್ಪಬಹುದು. ಆದ್ದರಿಂದ ಯೋಜನೆ ಇದ್ದವರು ಯಂತ್ರವನ್ನು ಆರಿಸಿಟ್ಟು, ಛಾಯಾಚಿತ್ರ ತೆಗೆದು, ಅಂದೇ ಮಾಹಿತಿ ನೀಡಿ, ದೂರಿನ ಸಂಖ್ಯೆ ಪಡೆದು ಅಧಿಕೃತ ಕೇಂದ್ರಕ್ಕೇ ಒಯ್ಯಬೇಕು. ಯೋಜನೆ ಇಲ್ಲದವರಿಗೆ ದ್ರವಹಾನಿಯ ಮಟ್ಟಿಗೆ ಕಳೆದುಕೊಳ್ಳಲು ಏನೂ ಇಲ್ಲ. ಅವರು ಅದೇ ದಿನ ನುರಿತ ದುರಸ್ತಿಗಾರರ ಬಳಿ ತೊಳೆಸುವುದೇ ಜಾಣತನ.

ಸುಳ್ಳು ಹೇಳುವ ಪ್ರಲೋಭನೆಯ ಬಗ್ಗೆಯೂ ಒಂದು ಮಾತು ಅವಶ್ಯ. ‘ಏನೂ ಚೆಲ್ಲಿಲ್ಲ, ತಾನಾಗಿಯೇ ನಿಂತುಹೋಯಿತು’ ಎಂಬ ಹೇಳಿಕೆ ಬೋರ್ಡಿನ ಮೇಲಿನ ಸಕ್ಕರೆಯ ಅಂಟಿನ ಮುಂದೆ ನಿಲ್ಲುವುದಿಲ್ಲ. ಅಪಘಾತ ರಕ್ಷಣೆ ಇದ್ದವರಿಗಂತೂ ಈ ಸುಳ್ಳು ಬೇಕಾಗಿಯೇ ಇಲ್ಲ. ಸತ್ಯ ಹೇಳಿದರೆ ಸಿಗುವ ಪರಿಹಾರ ಸುಳ್ಳು ಹೇಳಿದರೆ ತಪ್ಪಿಹೋಗುತ್ತದೆ.

ಒಂದು ಪುಟದ ಬೇಡಿಕೆ

ಚೆಲ್ಲಿದ ಕಾಫಿಯ ನಷ್ಟವನ್ನು ಕಂಪನಿಗಳೇ ಹೊರಬೇಕೆಂಬುದು ಇಲ್ಲಿನ ವಾದವಲ್ಲ. ಹಾಗೆ ಮಾಡಿದರೆ ಆ ವೆಚ್ಚ ಎಲ್ಲ ಲ್ಯಾಪ್‌ಟಾಪ್‌ಗಳ ಬೆಲೆಗೂ ಸೇರಿಕೊಳ್ಳುತ್ತದೆ, ಎಚ್ಚರದಿಂದ ಬಳಸುವವರು ಅಜಾಗರೂಕರ ಖರ್ಚನ್ನು ಕಟ್ಟಬೇಕಾಗುತ್ತದೆ. ಕೊರತೆಯಿರುವುದು ತಿಳಿಸುವ ವಿಧಾನದಲ್ಲಿ.

ಇದಕ್ಕೆ ಮಾದರಿಯೊಂದು ದೇಶದಲ್ಲೇ ಇದೆ. ಆರೋಗ್ಯ ವಿಮೆಯಲ್ಲಿ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದನ್ನು ಸರಳ ಭಾಷೆಯಲ್ಲಿ ಹೇಳುವ ಗ್ರಾಹಕ ಮಾಹಿತಿ ಪತ್ರವನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಪರಿಷ್ಕರಿಸಿ 2024ರ ಜನವರಿಯಿಂದ ಜಾರಿಗೆ ತಂದಿತು. ಗ್ರಾಹಕರು ಬಯಸಿದರೆ ಅದನ್ನು ಸ್ಥಳೀಯ ಭಾಷೆಯಲ್ಲಿಯೂ ಕೊಡಬೇಕು. ಲ್ಯಾಪ್‌ಟಾಪ್ ವಾರಂಟಿಗೂ ಇಂತಹುದೇ ಒಂದು ಪುಟ ಸಾಕು. ದ್ರವ ಚೆಲ್ಲಿದರೆ ಪರಿಹಾರವಿದೆಯೇ ಇಲ್ಲವೇ? ಇದ್ದರೆ ಎಷ್ಟು ಬಾರಿ, ಪ್ರತಿ ಬಾರಿ ಎಷ್ಟು ಶುಲ್ಕ? ಎರಡನೆಯ ವರ್ಷ ಗರಿಷ್ಠ ಮೊತ್ತ ಎಷ್ಟು? ಇದು ವಿಮೆಯೋ ಸೇವಾ ಒಪ್ಪಂದವೋ? ತಿರಸ್ಕರಿಸಿದರೆ ಎಲ್ಲಿ ದೂರಬೇಕು? ಈ ಐದು ಪ್ರಶ್ನೆಗಳ ಉತ್ತರ ಕನ್ನಡದಲ್ಲಿ ಬಿಲ್ಲಿನ ಬೆನ್ನಿಗೆ ಅಚ್ಚಾದರೆ ಜಗಳಗಳಲ್ಲಿ ದೊಡ್ಡ ಪಾಲು ಹುಟ್ಟುವುದೇ ಇಲ್ಲ.

ಅಂತಹ ನಿಯಮ ಬರುವವರೆಗೆ ಈ ಐದು ಪ್ರಶ್ನೆಗಳನ್ನು ಹಣ ಕೊಡುವ ಮುನ್ನ ಗ್ರಾಹಕರೇ ಕೇಳಬೇಕು. ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪದೆ ಇ-ಮೇಲ್‌ನಲ್ಲಿ ಅಥವಾ ಬಿಲ್ಲಿನ ಮೇಲೆ ಬರೆಸಿಕೊಳ್ಳಬೇಕು. ಬರೆದುಕೊಡಲು ಮಾರಾಟಗಾರರು ಹಿಂಜರಿದರೆ ಆ ಹಿಂಜರಿಕೆಯೇ ಷರತ್ತಿನ ಪತ್ರದಲ್ಲಿ ಏನಿದೆ ಎಂಬುದರ ಮೊದಲ ಸುಳಿವು.